ಕೆಮ್ಮಿನ ಔಷಧ: ಆಯ್ಕೆಯಲ್ಲಿ ವಿವೇಕ, ಬಳಕೆಯಲ್ಲಿ ಎಚ್ಚರ

‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ವಿನೋದಕ್ಕಾಗಿ ಆಡಿರಬಹುದಾದರೂ ಅದರಲ್ಲಿ ಅನುಭವದ ಸಾರವಿದೆ. ನೆಗಡಿಯಿಂದ ಸಾಯುವವರು ವಿರಳ. ಅದರಿಂದ ಬಳಲದವರೂ ವಿರಳ. ನೆಗಡಿಯ ಬೆನ್ನಿಗೇ ಬರುವ ಕೆಮ್ಮಂತೂ ರೋಗಿಯ ನಿದ್ರೆಯನ್ನಷ್ಟೇ ಅಲ್ಲ, ಒಂದೇ ಕೋಣೆಯಲ್ಲಿ ಮಲಗುವ ಮನೆಮಂದಿಯೆಲ್ಲರ ನಿದ್ರೆಯನ್ನೂ ಕೆಡಿಸುತ್ತದೆ. ಮುಂಬಯಿಯ ಚಾಳುಗಳಲ್ಲಿ ಒಬ್ಬರ ಕೆಮ್ಮು ನೆರೆಮನೆಯವರಿಗೂ ಕೇಳಿಸುತ್ತದೆ. ಬೆಳಗಾಗುವುದರೊಳಗೆ ಯಾವುದೋ ಒಂದು ಔಷಧದ ಹೆಸರು ಸಲಹೆಯ ರೂಪದಲ್ಲಿ ಬಾಗಿಲಿಗೆ ಬರುತ್ತದೆ.

ಈ ನಗರದಲ್ಲಿ ಔಷಧದಂಗಡಿಯಿಲ್ಲದ ರಸ್ತೆಯನ್ನು ಕಾಣುವುದು ಕಷ್ಟ. ಕೆಲಸಕ್ಕೆ ಹೊರಟವರು ರೈಲು ಹಿಡಿಯುವ ಅವಸರದಲ್ಲಿ ಅಂಗಡಿಯ ಮುಂದೆ ಅರೆಕ್ಷಣ ನಿಂತು ಕೆಮ್ಮಿನ ಸಿರಪ್ಪನ್ನು ಕೇಳುತ್ತಾರೆ. ಅಂಗಡಿಯಾತ ‘ಸೂಖಾ ಹೈ, ಯಾ ಕಫವಾಲಾ?’ ಎಂದು ಒಂದೇ ಪ್ರಶ್ನೆ ಕೇಳಿ ಸೀಸೆಯನ್ನು ಕೈಗಿಡುತ್ತಾನೆ. ಪ್ರಶ್ನೆ ಒಳ್ಳೆಯದೇ. ಆದರೆ ಅದೊಂದೇ ಸಾಲದು. ಕೆಮ್ಮುವವರ ವಯಸ್ಸೇನು, ಎಷ್ಟು ದಿನಗಳಿಂದ ಕೆಮ್ಮುತ್ತಿದ್ದಾರೆ, ಜ್ವರವಿದೆಯೆ, ಬೇರೆ ಯಾವ ಔಷಧ ನಡೆಯುತ್ತಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಕೊಂಡ ಔಷಧ ಗುಣ ಮಾಡಿದರೆ ಅದು ಅದೃಷ್ಟ. ಕೇಡು ಮಾಡಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಈ ಸಾಮಾನ್ಯ ಔಷಧದ ಗುಣದೋಷಗಳನ್ನು ಸ್ವಲ್ಪ ವಿವರವಾಗಿ ವಿಚಾರಿಸುವುದು ಅವಶ್ಯ.

ಕೆಮ್ಮು ಶತ್ರುವಲ್ಲ, ಕಾವಲುಗಾರ

ಮೊದಲಾಗಿ ತಿಳಿಯಬೇಕಾದದ್ದು, ಕೆಮ್ಮು ತಾನೇ ಒಂದು ರೋಗವಲ್ಲ ಎಂಬುದು. ಅದು ರೋಗದ ಲಕ್ಷಣ. ಮಾತ್ರವಲ್ಲ, ಶರೀರದ ರಕ್ಷಣೋಪಾಯ. ನಮ್ಮ ಶ್ವಾಸನಾಳದ ಒಳಮೈಯಲ್ಲಿ ತೆಳುವಾದ ಶ್ಲೇಷ್ಮದ ಲೇಪವಿರುತ್ತದೆ. ಉಸಿರಿನೊಡನೆ ಒಳಬಂದ ಧೂಳು, ಹೊಗೆಯ ಕಣ, ರೋಗಾಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಒಳಮೈಯ ಸೂಕ್ಷ್ಮ ರೋಮಗಳು ಗಾಳಿಗೆ ತೂಗುವ ಭತ್ತದ ಪೈರಿನಂತೆ ಎಡೆಬಿಡದೆ ಆಡುತ್ತ ಆ ಶ್ಲೇಷ್ಮವನ್ನು ಗಂಟಲಿನತ್ತ ಸಾಗಿಸುತ್ತವೆ. ಸೋಂಕಿನಿಂದ ಶ್ಲೇಷ್ಮ ಹೆಚ್ಚಿ ಗಟ್ಟಿಯಾದಾಗ, ಅಥವಾ ಬೀಡಿ-ಸಿಗರೇಟಿನ ಹೊಗೆಯಿಂದ ಆ ರೋಮಗಳು ಸೊರಗಿದಾಗ, ಅವುಗಳ ಕೆಲಸವನ್ನು ಕೆಮ್ಮು ವಹಿಸಿಕೊಳ್ಳುತ್ತದೆ. ಗಂಟಲು ಮತ್ತು ಶ್ವಾಸನಾಳದ ನರತುದಿಗಳಿಂದ ಮಿದುಳಿನ ಬುಡಕ್ಕೆ ಸುದ್ದಿ ತಲುಪುತ್ತದೆ. ಎದೆ ಗಾಳಿಯನ್ನು ತುಂಬಿಕೊಳ್ಳುತ್ತದೆ. ಧ್ವನಿಪೆಟ್ಟಿಗೆಯ ಬಾಗಿಲು ಕ್ಷಣಕಾಲ ಮುಚ್ಚಿ ಒತ್ತಡ ಬೆಳೆದು, ಒಮ್ಮೆಲೆ ತೆರೆದುಕೊಂಡಾಗ ಗಾಳಿ ರಭಸದಿಂದ ಹೊರನುಗ್ಗಿ ಕಫವನ್ನು ತನ್ನೊಡನೆ ಒಯ್ಯುತ್ತದೆ.

ಹೀಗಿರುವಾಗ ಕಫ ಬರುತ್ತಿರುವ ಕೆಮ್ಮನ್ನು ಬಲಾತ್ಕಾರದಿಂದ ಅಡಗಿಸುವುದೆಂದರೆ, ಕಳ್ಳ ಒಳಗಿರುವಾಗಲೇ ಕಾವಲುಗಾರನ ಬಾಯಿ ಕಟ್ಟಿದಂತೆ. ಕಫ ಒಳಗೇ ನಿಂತರೆ ಶ್ವಾಸಕೋಶದಲ್ಲಿ ಸೋಂಕು ಬಲಿಯಲು ಅನುಕೂಲವಾಗುತ್ತದೆ. ಅದೇ, ಕಫವಿಲ್ಲದೆ ಗಂಟಲ ಕೆರೆತದಿಂದ ರಾತ್ರಿಯಿಡೀ ಕಾಡುವ ಒಣಕೆಮ್ಮಿನಿಂದ ಯಾವ ಲಾಭವೂ ಇಲ್ಲ. ಅದನ್ನು ಶಮನ ಮಾಡುವುದು ನ್ಯಾಯವೇ. ಅಂಗಡಿಯಾತನ ಪ್ರಶ್ನೆಯ ಹಿಂದಿರುವ ತತ್ತ್ವ ಇದು.

ಕೆಮ್ಮಿನ ಮೂಲಗಳೂ ಹಲವು. ಬಹುಪಾಲು ಕೆಮ್ಮು ವೈರಸ್ಸಿನಿಂದ ಬಂದ ನೆಗಡಿಯದು. ಅದು ತಾನಾಗಿಯೇ ಇಳಿಯುತ್ತದೆ. ರಾತ್ರಿ ಅಥವಾ ನಸುಕಿನಲ್ಲಿ ಮಾತ್ರ ಬರುವ, ಶಿಳ್ಳೆಯಂಥ ಉಸಿರಿನ ಕೆಮ್ಮು ಉಬ್ಬಸದ್ದಾಗಿರಬಹುದು. ಊಟವಾಗಿ ಮಲಗಿದೊಡನೆ ಬರುವ ಕೆಮ್ಮಿಗೆ ಜಠರದ ಆಮ್ಲ ಮೇಲೇರುವುದು ಕಾರಣವಿರಬಹುದು. ರಕ್ತದೊತ್ತಡಕ್ಕಾಗಿ ಎನಾಲಾಪ್ರಿಲ್, ರಾಮಿಪ್ರಿಲ್ ವರ್ಗದ ಮಾತ್ರೆ ಸೇವಿಸುವವರಲ್ಲಿ ಕೆಲವರಿಗೆ ಆ ಮಾತ್ರೆಯಿಂದಲೇ ಒಣಕೆಮ್ಮು ಹುಟ್ಟುತ್ತದೆ. ಅಂಥವರು ಎಷ್ಟು ಸೀಸೆ ಸಿರಪ್ಪು ಕುಡಿದರೂ ವ್ಯರ್ಥ. ವೈದ್ಯರಿಗೆ ತಿಳಿಸಿದರೆ ಅವರು ಮಾತ್ರೆಯನ್ನು ಬದಲಿಸುತ್ತಾರೆ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮತೊಡಗಿದರೆ ನೆಲಗಡಲೆಯ ಕಾಳೋ ಮಣಿಯೋ ಶ್ವಾಸನಾಳಕ್ಕಿಳಿದಿರಬಹುದೆಂದು ಶಂಕಿಸಿ ಆಸ್ಪತ್ರೆಗೆ ಒಯ್ಯಬೇಕು. ಇವುಗಳಲ್ಲಿ ಯಾವುದಕ್ಕೂ ಅಂಗಡಿಯ ಸೀಸೆ ಉತ್ತರವಲ್ಲ.

ಸೀಸೆಯೊಳಗೆ ಏನಿದೆ?

ಕೆಮ್ಮಿನ ಸಿರಪ್ಪುಗಳ ಹೆಸರುಗಳು ನೂರಾರು. ಒಳಗಿನ ವಸ್ತುಗಳು ಮಾತ್ರ ಬೆರಳೆಣಿಕೆಯವು. ಹೆಸರನ್ನು ಬಿಟ್ಟು ಲೇಬಲ್ಲಿನ ಸಣ್ಣಕ್ಷರಗಳನ್ನು ಓದುವವನು ಮೋಸಹೋಗುವುದಿಲ್ಲ.

ಒಂದನೆಯ ವರ್ಗ ಕೆಮ್ಮನ್ನು ಅಡಗಿಸುವಂಥವು. ಡೆಕ್ಸ್ಟ್ರೊಮೆಥಾರ್ಫಾನ್, ಕೊಡೀನ್, ನಾಸ್ಕಪೀನ್ ಇವು ಈ ವರ್ಗದವು. ಒಣಕೆಮ್ಮಿಗೆ ಮಾತ್ರ ಸಲ್ಲುವಂಥವು. ಇವುಗಳಲ್ಲಿ ಕೊಡೀನ್ ಮತ್ತು ನಾಸ್ಕಪೀನ್ ಅಫೀಮಿನ ಗಿಡದಿಂದ ಬಂದವು. ಅಫೀಮಿನ ವಂಶಕ್ಕೂ ಕೆಮ್ಮಿನ ಔಷಧಕ್ಕೂ ನಂಟು ಹಳೆಯದು. ಇಂದು ಕೇಳಿದೊಡನೆ ಬೆಚ್ಚಿಬೀಳುವ ಹೆರಾಯಿನ್ ೧೮೯೮ರಲ್ಲಿ ಮಾರುಕಟ್ಟೆಗೆ ಬಂದದ್ದೂ ಕೆಮ್ಮಿನ ಔಷಧವಾಗಿಯೇ. ಕೊಡೀನ್ ಚಟ ಹಿಡಿಸುವ ವಸ್ತು. ಕೆಲವರ ಶರೀರ ಅದನ್ನು ಅತಿವೇಗದಿಂದ ಮಾರ್ಫಿನ್ ಆಗಿ ಪರಿವರ್ತಿಸುವುದರಿಂದ ಉಸಿರಾಟವೇ ಕುಂದುವ ಭಯವಿದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದು. ನಮ್ಮ ದೇಶದಲ್ಲಿ ಅದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿದೆ. ತರುಣರಿರುವ ಮನೆಯಲ್ಲಿ ಕೆಮ್ಮಿಲ್ಲದಿದ್ದರೂ ಸೀಸೆಗಳು ಖಾಲಿಯಾಗುತ್ತಿದ್ದರೆ ತಂದೆತಾಯಿಗಳು ಅದನ್ನು ಅಲಕ್ಷಿಸಬಾರದು.

ಎರಡನೆಯ ವರ್ಗ ಕಫವನ್ನು ಸಡಿಲಿಸುವಂಥವು: ಗ್ವಾಯ್‌ಫೆನೆಸಿನ್, ಅಮೋನಿಯಂ ಕ್ಲೋರೈಡ್, ಬ್ರೊಮ್‌ಹೆಕ್ಸಿನ್, ಆಂಬ್ರೊಕ್ಸಾಲ್. ಇವುಗಳಲ್ಲಿ ಬ್ರೊಮ್‌ಹೆಕ್ಸಿನ್ನಿನ ಕಥೆ ನಮಗೆ ಹೆಮ್ಮೆ ತರುವಂಥದು. ಊರಿನ ಬೇಲಿಗಳಲ್ಲಿ ಬೆಳೆಯುವ, ಅಜ್ಜಿಯಂದಿರು ಕೆಮ್ಮಿಗೆ ರಸ ಹಿಂಡುತ್ತಿದ್ದ ಆಡುಸೋಗೆಯ ಎಲೆಯಲ್ಲಿ ವಾಸಿಸೀನ್ ಎಂಬ ಸತ್ತ್ವವಿದೆ. ಅದನ್ನು ಮಾದರಿಯಾಗಿಟ್ಟುಕೊಂಡು ರಸಾಯನಶಾಸ್ತ್ರಜ್ಞರು ರೂಪಿಸಿದ್ದೇ ಬ್ರೊಮ್‌ಹೆಕ್ಸಿನ್. ಮರಾಠಿಗರು ಅಡುಳಸಾ ಎಂದು ಕರೆಯುವ ಗಿಡವೂ ಇದೇ.

ಮೂರನೆಯ ವರ್ಗ ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್ ಮುಂತಾದ ಅಲರ್ಜಿನಿವಾರಕಗಳು. ಇವು ಮೂಗಿನ ಸೋರುವಿಕೆಯನ್ನು ತಗ್ಗಿಸುತ್ತವೆ, ಜೊತೆಗೆ ತೂಕಡಿಕೆಯನ್ನೂ ತರುತ್ತವೆ. ಮೂಗು ಕಟ್ಟಿದ್ದನ್ನು ಬಿಡಿಸುವ ಫಿನೈಲೆಫ್ರಿನ್ ರಕ್ತನಾಳಗಳನ್ನು ಸಂಕೋಚಗೊಳಿಸುವುದರಿಂದ ರಕ್ತದೊತ್ತಡವನ್ನು ಏರಿಸಬಲ್ಲುದು. ಸಾಲ್ಬುಟಮಾಲ್, ಟರ್ಬುಟಲೀನ್ ಶ್ವಾಸನಾಳವನ್ನು ಹಿಗ್ಗಿಸುತ್ತವೆ. ಉಬ್ಬಸವಿರುವವರಿಗೆ ಅವು ಉಪಯುಕ್ತ, ಉಳಿದವರಿಗೆ ಕೈನಡುಕ ಹಾಗೂ ಎದೆಬಡಿತವಷ್ಟೇ ಲಾಭ.

ಒಂದೇ ಸೀಸೆಯಲ್ಲಿ ಕೆಮ್ಮನ್ನು ಅಡಗಿಸುವುದನ್ನೂ ಕಫವನ್ನು ಹೊರಡಿಸುವುದನ್ನೂ ಕೂಡಿಸಿ ಮಾರುವ ಪದ್ಧತಿ ಬಹುಕಾಲ ನಡೆದುಬಂದಿದೆ. ಬಾಗಿಲಿಗೆ ಬೀಗ ಹಾಕಿ, ಒಳಗಿದ್ದವನನ್ನು ಹೊರಗೆ ತಳ್ಳಿದಂಥ ಕೆಲಸವಿದು. ೨೦೨೩ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರ ಹದಿನಾಲ್ಕು ಔಷಧ ಮಿಶ್ರಣಗಳ ಮೇಲೆ ನಿಷೇಧದ ಆಜ್ಞೆ ಹೊರಡಿಸಿದಾಗ ಅವುಗಳಲ್ಲಿ ಹಲವು ಕೆಮ್ಮಿನ ಮಿಶ್ರಣಗಳೇ ಆಗಿದ್ದುವು. ಕೆಮ್ಮಿನ ಸಿರಪ್ಪುಗಳಿಂದ ನೆಗಡಿಯ ಕೆಮ್ಮು ಬೇಗ ಗುಣವಾಗುತ್ತದೆ ಎಂಬುದಕ್ಕೆ ದೃಢವಾದ ಆಧಾರವಿಲ್ಲ. ಅವು ಸ್ವಲ್ಪ ನೆಮ್ಮದಿ ಕೊಡಬಹುದು, ಅಷ್ಟೆ. ವೈರಸ್ಸಿನ ಕೆಮ್ಮಿಗೆ ಆ್ಯಂಟಿಬಯೋಟಿಕ್ಕುಗಳಂತೂ ಏನನ್ನೂ ಮಾಡಲಾರವು.

ಸಿಹಿಯಲ್ಲಿ ಅಡಗಿದ ವಿಷ

ಔಷಧವನ್ನು ದ್ರವರೂಪಕ್ಕೆ ತರಲು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಮುಂತಾದ ದ್ರಾವಕಗಳನ್ನು ಬಳಸುತ್ತಾರೆ. ಶುದ್ಧರೂಪದಲ್ಲಿ ಇವು ನಿರಪಾಯಕರ. ಆದರೆ ಇವುಗಳನ್ನೇ ಹೋಲುವ, ಬಣ್ಣವಿಲ್ಲದ, ಸಿಹಿಯಾದ, ಅಗ್ಗದ ಒಂದು ಕೈಗಾರಿಕಾ ದ್ರವವಿದೆ. ಅದರ ಹೆಸರು ಡೈಇಥಿಲೀನ್ ಗ್ಲೈಕಾಲ್. ಅದು ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವುಗಳಿಂದ ಆರಂಭವಾಗಿ, ಮೂತ್ರಪಿಂಡಗಳು ನಿಷ್ಕ್ರಿಯವಾಗಿ, ಮೂತ್ರ ನಿಂತು, ನರಮಂಡಲ ಕೆಟ್ಟು ಪ್ರಾಣಹಾನಿಯಾಗುತ್ತದೆ.

ಈ ವಿಷದ ಪರಿಚಯ ಮುಂಬಯಿಗೆ ಬಹಳ ಹಿಂದೆಯೇ ಆಗಿದೆ. ೧೯೮೬ರ ಆರಂಭದಲ್ಲಿ ಬೈಕಲಾದ ಜೆ. ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಸೇವಿಸಿದ ಹದಿನಾಲ್ಕು ಮಂದಿ ರೋಗಿಗಳು ಮೂತ್ರಪಿಂಡ ವಿಫಲವಾಗಿ ಮೃತರಾದರು. ಕಣ್ಣಿನ ಹಾಗೂ ಮಿದುಳಿನ ಒತ್ತಡವನ್ನು ತಗ್ಗಿಸಲೆಂದು ಕೊಡುವ ಆ ಗ್ಲಿಸರಿನ್ನಿನಲ್ಲಿ ಡೈಇಥಿಲೀನ್ ಗ್ಲೈಕಾಲ್ ಬೆರೆತಿತ್ತು. ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್ ಅವರ ಆಯೋಗ ಈ ದುರಂತದ ವಿಚಾರಣೆ ನಡೆಸಿ, ಔಷಧ ಖರೀದಿ ಮತ್ತು ತಪಾಸಣೆಯ ವ್ಯವಸ್ಥೆಯಲ್ಲಿದ್ದ ಕೊಳಕನ್ನು ಬಯಲಿಗೆಳೆಯಿತು. ಅಂದಿನ ಪತ್ರಿಕೆಗಳನ್ನು ಓದಿದ ಹಿರಿಯರಿಗೆ ಲೆಂಟಿನ್ ಆಯೋಗದ ಹೆಸರು ನೆನಪಿರಬಹುದು. ಅದು ಕೆಮ್ಮಿನ ಔಷಧವಾಗಿರಲಿಲ್ಲ. ಆದರೆ ವಿಷ ಅದೇ, ಅದು ಸೀಸೆಯನ್ನು ಹೊಕ್ಕ ದಾರಿಯೂ ಅದೇ.

ಅದಕ್ಕೂ ಮುಂಚೆ ೧೯೩೭ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಔಷಧವನ್ನು ಈ ದ್ರವದಲ್ಲಿಯೇ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತು, ಮರುವರ್ಷವೇ ಅಲ್ಲಿ ಕಠಿನವಾದ ಔಷಧ ಕಾಯಿದೆ ಬಂದಿತ್ತು. ನಮ್ಮಲ್ಲಿ ೧೯೭೦ರ ದಶಕದಲ್ಲಿ ಮದರಾಸಿನಲ್ಲಿ ಹಲವು ಮಕ್ಕಳು, ೧೯೯೮ರಲ್ಲಿ ದೆಹಲಿಯ ಬಳಿಯ ಗುಡಗಾಂವಿನಲ್ಲಿ ಮೂವತ್ಮೂರು ಮಕ್ಕಳು ಇದೇ ವಿಷಕ್ಕೆ ಬಲಿಯಾದರು. ೨೦೧೯ರ ಕೊನೆ ಮತ್ತು ೨೦೨೦ರ ಆದಿಯಲ್ಲಿ ಜಮ್ಮುವಿನ ರಾಮನಗರದಲ್ಲಿ ಅದು ಮರುಕಳಿಸಿತು. ೨೦೨೨ರಲ್ಲಿ ಆಫ್ರಿಕದ ಗಾಂಬಿಯಾ ದೇಶದಲ್ಲಿ ಸುಮಾರು ಎಪ್ಪತ್ತು ಮಕ್ಕಳು ಸತ್ತಾಗ ಭಾರತದಲ್ಲಿ ತಯಾರಾದ ಸಿರಪ್ಪುಗಳತ್ತ ವಿಶ್ವ ಆರೋಗ್ಯ ಸಂಸ್ಥೆ ಬೆರಳು ತೋರಿತು. ರಫ್ತಾಗುವ ಕೆಮ್ಮಿನ ಸಿರಪ್ಪುಗಳನ್ನು ನಿಯಮಿತ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಬೇಕೆಂಬ ನಿಯಮ ೨೦೨೩ರ ಜೂನ್ ೧ರಿಂದ ಜಾರಿಗೆ ಬಂತು.

ಆದರೂ ೨೦೨೫ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ‘ಕೋಲ್ಡ್ರಿಫ್’ ಎಂಬ ಸಿರಪ್ಪನ್ನು ಕುಡಿದು ಅಸುನೀಗಿದರು. ಅವರಲ್ಲಿ ಹಲವರನ್ನು ಚಿಕಿತ್ಸೆಗಾಗಿ ನಮ್ಮ ರಾಜ್ಯದ ನಾಗಪುರಕ್ಕೆ ಕರೆತರಲಾಗಿತ್ತು. ಔಷಧ ತಯಾರಾದ ತಮಿಳುನಾಡಿನ ಪ್ರಯೋಗಾಲಯ ಪರೀಕ್ಷಿಸಿದಾಗ ಅದರಲ್ಲಿ ಶೇಕಡಾ ೪೮.೬ರಷ್ಟು ಡೈಇಥಿಲೀನ್ ಗ್ಲೈಕಾಲ್ ಕಂಡುಬಂತು. ಶೇಕಡಾ ೦.೧ನ್ನು ಮೀರಕೂಡದೆಂಬುದು ನಿಯಮ. ಆ ಮಕ್ಕಳಿಗೆ ಬಂದಿದ್ದುದು ಸಾಮಾನ್ಯ ನೆಗಡಿ, ಕೆಮ್ಮು, ಜ್ವರ. ಔಷಧವಿಲ್ಲದಿದ್ದರೂ ವಾರದಲ್ಲಿ ಇಳಿಯಬಹುದಾಗಿದ್ದಂಥವು. ಈ ವಿಷವನ್ನು ನಾಲಗೆಯಿಂದಾಗಲಿ ಮೂಗಿನಿಂದಾಗಲಿ ಕಂಡುಹಿಡಿಯಲು ಮನೆಯವರಿಗೆ ಸಾಧ್ಯವಿಲ್ಲ. ಅವರ ಕೈಯಲ್ಲಿರುವ ಉಪಾಯ ಎರಡೇ: ಅನಾವಶ್ಯಕವಾಗಿ ಸಿರಪ್ಪು ಕೊಡದಿರುವುದು, ಕೊಂಡಾಗ ಸೀಸೆಯ ಗುರುತನ್ನು ಕಾದಿಟ್ಟುಕೊಳ್ಳುವುದು.

ಮಕ್ಕಳ ವಿಷಯದಲ್ಲಿ ಕಟ್ಟುನಿಟ್ಟು

ಛಿಂದ್ವಾಡಾದ ಘಟನೆಯ ಬಳಿಕ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ೨೦೨೫ರ ಅಕ್ಟೋಬರ್ ೩ರಂದು ಸೂಚನೆ ಹೊರಡಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಗಳನ್ನು ಬರೆದುಕೊಡಲೂ ಬಾರದು, ಮಾರಲೂ ಬಾರದು. ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅವು ಬೇಡ. ದೊಡ್ಡ ಮಕ್ಕಳಿಗೆ ಕೊಡುವುದಾದರೂ ವೈದ್ಯರು ಪರೀಕ್ಷಿಸಿ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನಗಳಿಗೆ ಕೊಡಬೇಕು ಎಂಬುದು ಅದರ ಸಾರ. ೨೦೨೩ರ ಡಿಸೆಂಬರಿನಲ್ಲಿಯೇ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಕೂಡಿದ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದೆಂದು ಲೇಬಲ್ಲಿನಲ್ಲಿ ಮುದ್ರಿಸಲು ಆಜ್ಞೆಯಾಗಿತ್ತು. ಅಮೆರಿಕ ೨೦೦೮ರಲ್ಲಿ ಎರಡು ವರ್ಷದೊಳಗಿನವರಿಗೆ, ಬ್ರಿಟನ್ ೨೦೦೯ರಲ್ಲಿ ಆರು ವರ್ಷದೊಳಗಿನವರಿಗೆ ಇಂಥ ಔಷಧಗಳು ಬೇಡವೆಂದು ಹೇಳಿದ್ದುವು.

ಮಗು ಕೆಮ್ಮುವಾಗ ಸುಮ್ಮನೆ ಕುಳಿತಿರುವುದು ತಾಯಿಗೆ ಸುಲಭವಲ್ಲ. ಆದರೆ ಮಾಡಬೇಕಾದದ್ದು ಬೇರೆಯೇ ಇದೆ. ಎದೆಹಾಲನ್ನು ಮುಂದುವರಿಸಬೇಕು, ನೀರು, ಗಂಜಿ, ಸಾರುಗಳನ್ನು ಆಗಾಗ ಕೊಡಬೇಕು, ಮೂಗು ಕಟ್ಟಿದ್ದರೆ ಅಂಗಡಿಯಲ್ಲಿ ದೊರೆಯುವ ಉಪ್ಪುನೀರಿನ ಹನಿಗಳನ್ನು ಹಾಕಬಹುದು. ಮುಖ್ಯವಾಗಿ, ಉಸಿರನ್ನು ಎಣಿಸಬೇಕು. ಮಗು ಅಳದೆ ಶಾಂತವಾಗಿದ್ದಾಗ ಅಂಗಿಯನ್ನೆತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿರಿ. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ ೬೦, ಎರಡು ತಿಂಗಳಿಂದ ಒಂದು ವರ್ಷದವರೆಗೆ ೫೦, ಒಂದರಿಂದ ಐದು ವರ್ಷದವರೆಗೆ ೪೦ ಅಥವಾ ಅದಕ್ಕೂ ಹೆಚ್ಚು ಉಸಿರುಗಳಿದ್ದರೆ ನ್ಯುಮೋನಿಯಾದ ಶಂಕೆಯಿದೆ. ಪ್ರತಿ ಉಸಿರಿಗೂ ಪಕ್ಕೆಯ ಕೆಳಭಾಗ ಒಳಗೆ ಎಳೆಯುತ್ತಿದ್ದರೆ ಒಂದು ಗಳಿಗೆಯೂ ತಡಮಾಡಬಾರದು. ಯಾವ ಸಿರಪ್ಪಿಗಿಂತಲೂ ಈ ಎಣಿಕೆ ಹೆಚ್ಚು ಜೀವಗಳನ್ನು ಉಳಿಸಬಲ್ಲುದು.

ಅಳತೆಯ ಪ್ರಶ್ನೆ

ಔಷಧ ಸರಿಯಾಗಿದ್ದರೂ ಅಳತೆ ತಪ್ಪಿದರೆ ಅಪಾಯ. ಒಂದು ಚಮಚವೆಂದು ವೈದ್ಯರು ಬರೆದರೆ ಅದರ ಅರ್ಥ ೫ ಮಿ.ಲೀ. ನಮ್ಮ ಅಡುಗೆಮನೆಯ ಚಮಚಗಳು ಒಂದೊಂದು ಒಂದೊಂದು ಗಾತ್ರದವು. ಆದ್ದರಿಂದ ಸೀಸೆಯೊಡನೆ ಬಂದ ಗೆರೆಯುಳ್ಳ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜನ್ನೇ ಬಳಸತಕ್ಕದ್ದು. ಮಕ್ಕಳಿಗೆ ಔಷಧದ ಪ್ರಮಾಣ ನಿಶ್ಚಯವಾಗುವುದು ಹೆಚ್ಚಾಗಿ ತೂಕದ ಮೇಲೆ. ಅಣ್ಣನಿಗೆ ಬರೆದದ್ದರಲ್ಲಿ ಅರ್ಧವನ್ನು ತಮ್ಮನಿಗೆ ಕೊಡುವ ಅಂದಾಜು ಸಲ್ಲದು.

ಹನಿಗಳಿಗೂ ಸಿರಪ್ಪಿಗೂ ಇರುವ ವ್ಯತ್ಯಾಸವನ್ನು ಅನೇಕರು ಅರಿಯರು. ಉದಾಹರಣೆಗೆ ಜ್ವರದ ಪ್ಯಾರಾಸಿಟಮಾಲ್ ಹನಿಗಳಲ್ಲಿ ಒಂದು ಮಿ.ಲೀ.ಗೆ ೧೦೦ ಮಿಲಿಗ್ರಾಂ ಇರುತ್ತದೆ. ಸಾಮಾನ್ಯ ಸಿರಪ್ಪಿನಲ್ಲಿ ೫ ಮಿ.ಲೀ.ಗೆ ೧೨೫ ಮಿಲಿಗ್ರಾಂ, ಅಂದರೆ ಒಂದು ಮಿ.ಲೀ.ಗೆ ೨೫. ಹನಿಗಳನ್ನು ಸಿರಪ್ಪಿನ ಅಳತೆಯಲ್ಲಿ ಕೊಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು ನಾಲ್ಕು ಪಟ್ಟು. ಇನ್ನೊಂದು ವಿಷಯ: ನೆಗಡಿಯ ಹಲವು ಸಿರಪ್ಪು, ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಅದರ ಮೇಲೆ ಜ್ವರಕ್ಕೆಂದು ಮತ್ತೊಂದು ಪ್ಯಾರಾಸಿಟಮಾಲ್ ಸೇವಿಸಿದರೆ ಯಕೃತ್ತಿಗೆ ಪೆಟ್ಟಾಗುತ್ತದೆ.

ಕೊಳ್ಳುವಾಗ, ಇಡುವಾಗ

ಔಷಧವನ್ನು ಪರವಾನಗಿಯುಳ್ಳ ಅಂಗಡಿಯಲ್ಲಿಯೇ ಕೊಂಡು, ಬಿಲ್ಲನ್ನು ಕೇಳಿ ಪಡೆಯಬೇಕು. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ತಿಂಗಳು ಇವನ್ನು ಲೇಬಲ್ಲಿನಲ್ಲಿ ನೋಡಬೇಕು. ಮುಚ್ಚಳದ ಮೊಹರು ಮುರಿದಿರಬಾರದು. ಲೇಬಲ್ಲಿನ ಮೇಲೆ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧವೆಂದು ತಿಳಿಯಬೇಕು. ಬಿಲ್ಲು ಮತ್ತು ಬ್ಯಾಚ್ ಸಂಖ್ಯೆಗಳು ಕೇವಲ ಕಾಗದದ ಕೆಲಸವಲ್ಲ. ಕೋಲ್ಡ್ರಿಫ್ ಪ್ರಕರಣದಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಜನರನ್ನು ಎಚ್ಚರಿಸಿದ್ದು ನಿರ್ದಿಷ್ಟ ಬ್ಯಾಚಿನ ಸಂಖ್ಯೆಯನ್ನು ಹೇಳಿ. ಲೇಬಲ್ಲು ಹರಿದ, ಬೇರೆ ಸೀಸೆಗೆ ಸುರಿದಿಟ್ಟ ಔಷಧದ ಒಡೆಯನಿಗೆ ಆ ಎಚ್ಚರಿಕೆಯಿಂದ ಏನು ಪ್ರಯೋಜನ? ಔಷಧದ ಗುಣಮಟ್ಟದ ಬಗ್ಗೆ ಸಂಶಯವಿದ್ದರೆ ಈ ಇಲಾಖೆಗೆ ದೂರು ಕೊಡುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗಿದೆ. ಸೀಸೆಯನ್ನು ಎಸೆಯದೆ ತೆಗೆದಿಟ್ಟು ದೂರು ಕೊಡಬೇಕು.

ತೆರೆದ ಸೀಸೆಯ ಮೇಲೆ ತೆರೆದ ದಿನಾಂಕವನ್ನು ಬರೆದಿಡುವುದು ಒಳ್ಳೆಯ ಅಭ್ಯಾಸ. ಹೋದ ಮಳೆಗಾಲದ ಸೀಸೆಯನ್ನು ಈ ಮಳೆಗಾಲಕ್ಕೆ ಕಾದಿಡಬಾರದು. ನಮ್ಮ ನಗರದ ಸೆಕೆ ಮತ್ತು ತೇವಗಳಲ್ಲಿ ಔಷಧ ಬೇಗ ಕೆಡುತ್ತದೆ. ಒಲೆಯ ಪಕ್ಕದ ಗೂಡು, ಸ್ನಾನದ ಮನೆ ಎರಡೂ ಯೋಗ್ಯವಲ್ಲ. ಸಿಹಿಯಾದ ಸಿರಪ್ಪು ಮಕ್ಕಳಿಗೆ ಶರಬತ್ತಿನಂತೆ ಕಾಣುತ್ತದೆ. ಅವರ ಕೈಗೆಟಕದ ಎತ್ತರದಲ್ಲಿ ಬೀಗದೊಳಗೆ ಇಡಬೇಕು.

ಕೆಲವರಿಗೆ ವಿಶೇಷ ಎಚ್ಚರ

ರಕ್ತದೊತ್ತಡ ಅಥವಾ ಹೃದ್ರೋಗವುಳ್ಳವರು ಫಿನೈಲೆಫ್ರಿನ್ ಇರುವ ಸಿರಪ್ಪನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಧುಮೇಹಿಗಳು ಸಿರಪ್ಪಿನಲ್ಲಿರುವ ಸಕ್ಕರೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರುವ ವೃದ್ಧರಿಗೆ ಅಲರ್ಜಿನಿವಾರಕಗಳಿಂದ ಮೂತ್ರ ಕಟ್ಟಬಹುದು. ಗ್ಲಾಕೋಮಾ ಇರುವವರಿಗೂ ಅವು ಹಿತವಲ್ಲ. ಮಾನಸಿಕ ಖಿನ್ನತೆಗೆ ಮಾತ್ರೆ ನುಂಗುವವರಿಗೆ ಡೆಕ್ಸ್ಟ್ರೊಮೆಥಾರ್ಫಾನ್ ಅಪಾಯ ತಂದೊಡ್ಡಬಹುದು. ಗರ್ಭಿಣಿಯರು ಮತ್ತು ಬಾಣಂತಿಯರು ವೈದ್ಯರ ಮಾತಿಲ್ಲದೆ ಯಾವುದನ್ನೂ ಸೇವಿಸಬಾರದು. ಮದ್ಯಪಾನದೊಡನೆ ಈ ಔಷಧಗಳು ಕೂಡಿದರೆ ಮಂಪರು ಇಮ್ಮಡಿಯಾಗುತ್ತದೆ.

ತೂಕಡಿಕೆಯನ್ನು ಮುಂಬಯಿಯಲ್ಲಿ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ರಿಕ್ಷಾ-ಟ್ಯಾಕ್ಸಿ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು, ಹೋಟೆಲಿನ ಅಡುಗೆಮನೆಯಲ್ಲಿ ಕುದಿಯುವ ಎಣ್ಣೆಯ ಬಾಣಲೆಯ ಬಳಿ ದುಡಿಯುವವರು, ತುಂಬಿದ ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತು ಡೊಂಬಿವಲಿಯಿಂದಲೋ ವಿರಾರಿನಿಂದಲೋ ಕೋಟೆಯವರೆಗೆ ಬರುವವರು ಬೆಳಗಿನ ಹೊತ್ತು ಇಂಥ ಸಿರಪ್ಪನ್ನು ಸೇವಿಸದಿರುವುದೇ ಕ್ಷೇಮ.

ಮನೆಮದ್ದಿನ ಮರ್ಯಾದೆ

ಶುಂಠಿ, ಕಾಳುಮೆಣಸು, ತುಳಸಿಗಳ ಕಷಾಯವನ್ನು ಹಿರಿಯರು ಸುಮ್ಮನೆ ರೂಢಿಗೆ ತಂದದ್ದಲ್ಲ. ಬಿಸಿನೀರು ಗಂಟಲಿಗೆ ಹಿತ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದೂ ಹಿತ. ಮಲಗುವ ಮುನ್ನ ಒಂದು ಚಮಚ ಜೇನುತುಪ್ಪ ಮಕ್ಕಳ ರಾತ್ರಿಯ ಕೆಮ್ಮನ್ನು ತಗ್ಗಿಸುತ್ತದೆಂಬುದು ಆಧುನಿಕ ಪರೀಕ್ಷೆಗಳಲ್ಲಿಯೂ ಕಂಡುಬಂದಿದೆ. ಆದರೆ ಒಂದು ವರ್ಷ ತುಂಬದ ಶಿಶುವಿಗೆ ಜೇನನ್ನು ನೆಕ್ಕಿಸಲೂ ಕೂಡದು. ಬಾಟುಲಿಸಂ ಎಂಬ ಮಾರಕ ರೋಗದ ಬೀಜಾಣುಗಳು ಅದರಲ್ಲಿರಬಹುದು. ಜ್ಯೇಷ್ಠಮಧು ಒಳ್ಳೆಯದೇ, ಆದರೆ ದಿನಗಟ್ಟಲೆ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡವನ್ನು ಏರಿಸುತ್ತದೆ. ಎಳೆಯ ಮಕ್ಕಳ ಮೂಗಿಗೆ ಕರ್ಪೂರದ ತೈಲ ಸವರಬಾರದು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸು ಬರುವುದುಂಟು. ಇಕ್ಕಟ್ಟಾದ ಕೋಣೆಯಲ್ಲಿ ನೆಲದ ಮೇಲೆ ಕುದಿನೀರಿನ ಪಾತ್ರೆಯಿಟ್ಟು ಹಬೆ ತೆಗೆದುಕೊಳ್ಳುವಾಗ ಮಕ್ಕಳು ಸುಟ್ಟುಕೊಂಡರೆ ಕೆಮ್ಮಿಗಿಂತ ದೊಡ್ಡ ಸಂಕಟ ಬಂದೊದಗುತ್ತದೆ. ಆಯುರ್ವೇದದ ಸೀಸೆಯಾದರೂ ಲೇಬಲ್ಲು, ಪರವಾನಗಿ, ಅಳತೆಗಳ ನಿಯಮ ಅದಕ್ಕೂ ಅನ್ವಯಿಸುತ್ತದೆ.

ಎರಡು ವಾರಗಳ ಗಡುವು

ಕೆಮ್ಮಿನ ಔಷಧ ಮಾಡುವ ಅತಿದೊಡ್ಡ ಹಾನಿ ವಿಷದ್ದಲ್ಲ, ವಿಳಂಬದ್ದು. ನೆಗಡಿಯ ಕೆಮ್ಮು ಎರಡು-ಮೂರು ವಾರ ಉಳಿಯುವುದುಂಟು, ನಿಜ. ಆದರೆ ಎರಡು ವಾರ ದಾಟಿದ ಯಾವುದೇ ಕೆಮ್ಮಿಗೆ ಕ್ಷಯದ ಪರೀಕ್ಷೆಯಾಗಲೇಬೇಕು ಎಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಒಂದಿದ್ದರಂತೂ ಕಾಯುವ ಮಾತೇ ಇಲ್ಲ.

ಊರಿನಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಅಲ್ಲಿಯೇ ಹತ್ತಾರು ಮಂದಿ ಒಟ್ಟಿಗೆ ಮಲಗುವ ನಮ್ಮ ತರುಣರನ್ನು ಇಲ್ಲಿ ನೆನೆಯಬೇಕು. ಗಾಳಿಯಾಡದ ಮಾಳಿಗೆ, ಹೊಗೆ, ನಿದ್ದೆಗೆಟ್ಟ ದುಡಿಮೆ ಇವೆಲ್ಲ ಕ್ಷಯಕ್ಕೆ ಹಾಸಿದ ಹಾಸಿಗೆ. ರಜೆ ಕೇಳಿದರೆ ಸಂಬಳ ಹೋದೀತು, ರೋಗದ ಹೆಸರು ಹೊರಬಿದ್ದರೆ ಕೆಲಸವೇ ಹೋದೀತು ಎಂಬ ಭಯದಿಂದ ಸೀಸೆಯ ಮೇಲೆ ಸೀಸೆ ಕುಡಿಯುತ್ತ ತಿಂಗಳುಗಳನ್ನು ನೂಕುವವರಿದ್ದಾರೆ. ಅಷ್ಟರಲ್ಲಿ ರೋಗ ಅವರಲ್ಲಿ ಬಲಿತು, ಪಕ್ಕದಲ್ಲಿ ಮಲಗುವವರಿಗೂ ಹರಡುತ್ತದೆ. ಔಷಧಗಳಿಗೆ ಬಗ್ಗದ ಕ್ಷಯ ಮುಂಬಯಿಯಲ್ಲಿ ಈಗಾಗಲೇ ದೊಡ್ಡ ಚಿಂತೆಯಾಗಿದೆ. ಹೋಟೆಲಿನ ಧಣಿಗಳು ಮತ್ತು ಮೇನೇಜರರಲ್ಲಿ ನಮ್ಮ ವಿನಂತಿ ಇಷ್ಟೇ: ಎರಡು ವಾರ ಕೆಮ್ಮುತ್ತಿರುವ ಹುಡುಗನನ್ನು ಬೈಯದೆ, ಬಿಡದೆ, ಒಂದು ದಿನದ ರಜೆ ಕೊಟ್ಟು ಪರೀಕ್ಷೆಗೆ ಕಳುಹಿಸಿರಿ. ಮಹಾನಗರಪಾಲಿಕೆಯ ದವಾಖಾನೆಗಳ ಮೂಲಕ ಕಫದ ಪರೀಕ್ಷೆ ಉಚಿತ. ಆರು ತಿಂಗಳ ಚಿಕಿತ್ಸೆಯೂ ಉಚಿತ. ಶಿವಡಿಯಲ್ಲಿ ಪಾಲಿಕೆಯದೇ ಕ್ಷಯರೋಗದ ಆಸ್ಪತ್ರೆಯಿದೆ. ಚಿಕಿತ್ಸೆಯ ಅವಧಿಯಲ್ಲಿ ಪೋಷಣೆಗೆಂದು ಸರಕಾರ ಕೊಡುವ ಸಹಾಯಧನ ೨೦೨೪ರ ನವೆಂಬರಿನಿಂದ ತಿಂಗಳಿಗೆ ಒಂದು ಸಾವಿರ ರೂಪಾಯಿಗೆ ಏರಿದೆ. ಪೂರ್ತಿ ಚಿಕಿತ್ಸೆ ಪಡೆದವನು ಗುಣವಾಗಿ ಮತ್ತೆ ದುಡಿಯಬಲ್ಲ.

ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭಗಳು ಇನ್ನೂ ಕೆಲವಿವೆ: ಉಸಿರಾಡಲು ಕಷ್ಟ, ತುಟಿ ನೀಲಿಯಾಗುವುದು, ಎದೆನೋವು, ಮೂರು ದಿನ ಇಳಿಯದ ಜ್ವರ, ಕೆಮ್ಮಿ ಕೆಮ್ಮಿ ವಾಂತಿಯಾಗುವ ನಾಯಿಕೆಮ್ಮು, ಹಾಲು ಕುಡಿಯದೆ ಸೋತು ಮಲಗಿದ ಮಗು. ಯಾವುದೇ ಸಿರಪ್ಪು ಕೊಟ್ಟ ಬಳಿಕ ಮಗು ಪದೇ ಪದೇ ವಾಂತಿ ಮಾಡಿದರೆ, ಮಂಕಾದರೆ, ಅಥವಾ ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ಔಷಧವನ್ನು ನಿಲ್ಲಿಸಿ, ಸೀಸೆಯನ್ನು ಜೊತೆಗೆ ಹಿಡಿದುಕೊಂಡು ಕೆ. ಇ. ಎಂ., ಸಾಯನ್, ನಾಯರ್‌ಗಳಂಥ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಸಕಾಲದಲ್ಲಿ ರಕ್ತಶುದ್ಧಿಯ ಚಿಕಿತ್ಸೆ ದೊರೆತರೆ ಜೀವ ಉಳಿಯುವ ಸಂಭವವಿದೆ.

ಔಷಧ ಎಂಬುದು ಬೆಂಕಿಯಂತೆ. ಒಲೆಯಲ್ಲಿದ್ದರೆ ಅನ್ನ, ಸೂರಿಗೆ ಹತ್ತಿದರೆ ಅನರ್ಥ. ಕೆಮ್ಮು ಬಂದೊಡನೆ ಸೀಸೆಯನ್ನು ನೆನೆಯುವ ಬದಲು ಅದು ಏಕೆ ಬಂತೆಂದು ಯೋಚಿಸುವುದು, ಎಳೆಯರಿಗೆ ಸಿರಪ್ಪನ್ನು ಕೊಡದಿರುವುದು, ಕೊಂಡ ಔಷಧದ ಲೇಬಲ್ಲನ್ನು ಓದಿ ಅಳೆದು ಕುಡಿಯುವುದು, ಎರಡು ವಾರ ಮೀರಿದರೆ ಪರೀಕ್ಷೆ ಮಾಡಿಸುವುದು: ಈ ನಾಲ್ಕನ್ನು ನಮ್ಮ ಮನೆಮನೆಯವರು ರೂಢಿಸಿಕೊಂಡರೆ, ಕೆಮ್ಮು ಬರುವುದು ನಿಲ್ಲದಿದ್ದರೂ ಕೆಮ್ಮಿನ ಔಷಧದಿಂದ ಕಣ್ಣೀರು ಹರಿಯುವುದು ನಿಂತೀತು.